'ಏನಾದರೂ ತೊಂದರೆ ಆಯ್ತಾ?' ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ

ಬಂಧಿತರನ್ನು ಮುಂದೆ ತಂದು ನಿಲ್ಲಿಸಿದಾಗ ಮ್ಯಾಜಿಸ್ಟ್ರೇಟರು ಕೇಳುತ್ತಾರೆ, 'ಪೊಲೀಸರಿಂದ ಏನಾದರೂ ತೊಂದರೆ ಆಯ್ತಾ?' ಮೂಡಿಗೆರೆ, ಕೊಪ್ಪ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಂದ, ಅಂದರೆ ಆಳುಗಳ ಸಾಲು ಮನೆಗಳಿಂದ, ಬಂದ ಹುಡುಗರು ಹೆಚ್ಚಾಗಿ 'ಇಲ್ಲ ಸ್ವಾಮಿ' ಅನ್ನುತ್ತಾರೆ. ಕುಂಟುತ್ತಾ ಬಂದವನೂ ಹಾಗೇ ಅನ್ನುತ್ತಾನೆ. ಹೊಡೆದವರು ಪಕ್ಕದಲ್ಲೇ ನಿಂತಿರುತ್ತಾರೆ, ಅವರದೇ ಜೀಪಿನಲ್ಲಿ ವಾಪಸ್ ಹೋಗಬೇಕು. ಆ 'ಇಲ್ಲ' ಕೋರ್ಟಿನ ಕಲಾಪ ಬರೆದಿಡುವ ಆರ್ಡರ್ ಶೀಟ್ ಸೇರಿತೆಂದರೆ, ಮುಂದೆ ಹಿಂಸೆಯ ಮಾತೆತ್ತಿದಾಗ ಎದುರು ಪಕ್ಷ ಮೊದಲು ತೋರಿಸುವುದು ಅದನ್ನೇ. 'ಪೊಲೀಸರನ್ನು ಹೊರಗೆ ಕಳಿಸಿ, ಹೇಳ್ತೀನಿ' ಅನ್ನಬಹುದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಮನೆಯವರಿಗೆ ತಿಳಿಸಬೇಕು, ವೈದ್ಯರಿಗೆ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಹೇಳಿತು. ಆದರೆ ಏಟು ಬೀಳುವುದು ಬಂಧನ ಎಂದು ಬರೆದುಕೊಳ್ಳುವ ಮೊದಲೇ. 'ಸುಮ್ನೆ ವಿಚಾರಣೆಗೆ' ಎಂದು ಕರೆದೊಯ್ದರೆ ಠಾಣೆಯ ಪುಸ್ತಕದಲ್ಲಿ ಆ ಮನುಷ್ಯನೇ ಇರುವುದಿಲ್ಲ.

2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ನೆಕ್ಕಿಸಿದ ಆರೋಪ ನೆನಪಿರಬಹುದು. ಆತ ಎದೆಗುಂದದೆ ಮೇಲಧಿಕಾರಿಗಳಿಗೆ ಪತ್ರ ಬರೆದ, ದಲಿತ ಸಂಘಟನೆಗಳು ಬೆನ್ನಿಗೆ ನಿಂತವು. ತನಿಖೆ ಸಿಐಡಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಪಿಎಸ್‌ಐ ಬಂಧನವಾಯಿತು. 2023ರ ನವೆಂಬರಿನಲ್ಲಿ ಹೆಲ್ಮೆಟ್ ವಿಷಯಕ್ಕೆ ಚಿಕ್ಕಮಗಳೂರಿನ ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆಯಾದ ದೂರು ಬಂದಾಗ ನಾವು ವಕೀಲರೆಲ್ಲ ಬೀದಿಗಿಳಿದೆವು, ಕಲಾಪದಿಂದ ಹೊರಗುಳಿದೆವು. ಪೊಲೀಸರ ಅಮಾನತಾಯಿತು, ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ಸರಿಯಾಗಿಯೇ ಮಾಡಿದೆವು. ತೋಟದ ಆಳಿಗೂ ಹೀಗೆ ಠಾಣೆ ಬಾಗಿಲಿಗೆ ಜನ ಬರಬೇಕು, ಅದೇ ರಾತ್ರಿ ಬರಬೇಕು. ಕೋರ್ಟಿನಲ್ಲಿ ಎಷ್ಟು ವಾದಿಸಿದರೂ ಆ ಮೊದಲ ರಾತ್ರಿಯ ಕೊರತೆ ತುಂಬಿಕೊಡಲು ನಮ್ಮಿಂದಾಗದು.

ಐದಾರು ಜನ ಹೋಗಿ, ಹೆಂಗಸರೂ ಇರಲಿ. ಕೂಗಾಟ ಬೇಡ. ಯಾವ ಕೇಸು, ಯಾರು ಕರೆತಂದರು ಎಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಸ್ವೀಕೃತಿ ಕೇಳಿ. ಕೊಡದಿದ್ದರೆ ಅದರ ಫೋಟೋ ಆಗಲೇ ಎಸ್‌ಪಿಯವರಿಗೆ ಕಳಿಸಿ. ಎಷ್ಟು ಹೊತ್ತಿಗೆ ಆತ ಒಳಗಿದ್ದ ಎಂಬುದಕ್ಕೆ ಅದನ್ನು ಕಳಿಸಿದ ಸಮಯವೇ ಸಾಕ್ಷಿ. ಬಿಟ್ಟ ಮೇಲೆ ಮನೆಗಲ್ಲ, ಸರ್ಕಾರಿ ಆಸ್ಪತ್ರೆಗೆ. 'ಬಿದ್ದೆ' ಅನ್ನದೆ, ಹೊಡೆದರು ಎಂದೇ ಬರೆಸಿ ಗಾಯದ ಪ್ರಮಾಣಪತ್ರ ಮಾಡಿಸಿ. ಕಂದಿದ ಗಾಯ ವಾರ ಹತ್ತು ದಿನದಲ್ಲಿ ಮಾಸುತ್ತದೆ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ದೃಶ್ಯಾವಳಿ ಅಳಿಸದಂತೆ ಮರುದಿನವೇ ಅರ್ಜಿ ಹಾಕಿ.

ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಲೈನ್ ಮನೆಯ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.