ಎಡೆದೊರೆಯ ತುದಿಯಲ್ಲಿ ಎರಡು ಸಂಗಮೇಶ್ವರ

ಬೇಸಿಗೆ ಬಂತೆಂದರೆ ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ಮೊಬೈಲ್‌ಗಳಲ್ಲಿ ಒಂದು ವಿಡಿಯೊ ಸುತ್ತಾಡುತ್ತದೆ. ಇಳಿದ ನೀರಿನ ನಡುವೆ ಕೆಸರು ಮೆತ್ತಿದ ಶಿಖರ, ಸುತ್ತ ದೋಣಿಗಳು, ಗರ್ಭಗುಡಿಯಲ್ಲಿ ದೀಪ. ಇದು ತೆಲಂಗಾಣದ ಆಲಂಪುರದ ಸಂಗಮೇಶ್ವರ ಎನ್ನುವವರಿದ್ದಾರೆ, ಕೂಡಲಸಂಗಮ ಎಂದು ಹಂಚುವವರೂ ಇದ್ದಾರೆ. ಎರಡೂ ಅಲ್ಲ. ಕೂಡಲಸಂಗಮ ಕೃಷ್ಣೆಗೆ ಮಲಪ್ರಭೆ ಸೇರುವ ಬಾಗಲಕೋಟೆ ಜಿಲ್ಲೆಯ ಕ್ಷೇತ್ರ. ವಿಡಿಯೊದಲ್ಲಿರುವುದು ಆಂಧ್ರದ ನಂದ್ಯಾಲ ಜಿಲ್ಲೆಯ ಸಂಗಮೇಶ್ವರಂ. ಆಲಂಪುರದಲ್ಲಿರುವುದು ಸಂಗಮದ ದಡದ ಕೂಡವೆಲ್ಲಿ ಎಂಬ ಊರಿನಿಂದ ಎಬ್ಬಿಸಿ ತಂದ ಇನ್ನೊಂದು ಗುಡಿ. ಈ ಕೊನೆಯ ಎರಡಕ್ಕೂ ಕೃಷ್ಣೆ ಮತ್ತು ತುಂಗಭದ್ರೆ ಕೂಡುವ ಜಾಗವೇ ಮೂಲ. ಈ ಎರಡು ನದಿಗಳ ನಡುವಿನ ನಮ್ಮ ಎಡೆದೊರೆ ನಾಡು ಮುಗಿಯುವುದೂ ಅಲ್ಲಿಯೇ.

ಬಾದಾಮಿ ಚಾಲುಕ್ಯರು 7 ಮತ್ತು 8ನೇ ಶತಮಾನಗಳಲ್ಲಿ ಆಲಂಪುರದಲ್ಲಿ ನವಬ್ರಹ್ಮ ಗುಡಿಗಳನ್ನು ಕಟ್ಟಿಸಿದರು, ಕೂಡವೆಲ್ಲಿಯ ಗುಡಿಯೂ ಅದೇ ಪರಂಪರೆಯದು. ಮುಂದಿನ ಸಾವಿರ ವರ್ಷಗಳಲ್ಲಿ ಬಹಮನಿಗಳು, ವಿಜಯನಗರ, ನಿಜಾಮರು ಎಲ್ಲರೂ ಈ ಮೂಲೆಯನ್ನು ಆಳಿ ಹೋದರು. ನಮ್ಮ ಈಗಿನ ಗೊಂದಲ ಶುರುವಾಗುವುದು 1956ರಲ್ಲಿ.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಆಲಂಪುರ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಸಂಗಮದ ಉತ್ತರ ದಡದ ಜನ ಕಂದಾಯದ ಕೆಲಸಕ್ಕೆ ರಾಯಚೂರಿಗೇ ಬರಬೇಕಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆ ಎರಡೂ ಆಂಧ್ರದ ಮಹಬೂಬ್‌ನಗರ ಜಿಲ್ಲೆಗೆ ಹೋದವು. 2014ರಲ್ಲಿ ಅವು ತೆಲಂಗಾಣದ ಪಾಲಾದವು, 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆಯಾಯಿತು. ಎದುರು ದಡ ಕರ್ನೂಲಿನಲ್ಲಿಯೇ ಉಳಿದು 2022ರಲ್ಲಿ ನಂದ್ಯಾಲಕ್ಕೆ ಸೇರಿತು. ಭಾಷೆಯ ಲೆಕ್ಕದಲ್ಲಿ ಆ ಗೆರೆ ತಪ್ಪಲ್ಲ. ಆದರೆ ಗೆರೆ ಎಳೆದ ಮೇಲೆ ಸಂಗಮ ನಮ್ಮ ಕಡತಗಳಿಂದಲೂ ಪಠ್ಯದಿಂದಲೂ ಜಾರಿಹೋಯಿತು. ನೀರಿನ ನಂಟು ಮಾತ್ರ ಕಡಿಯಲಿಲ್ಲ. ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಕಟ್ಟಿದ ಒಡ್ಡಿನಿಂದ ಹೊರಡುವ ಕಾಲುವೆಯ 17.1 ಟಿಎಂಸಿ ಹಂಚಿಕೆಯಲ್ಲಿ 15.9 ಟಿಎಂಸಿ ಇಂದಿಗೂ ಆ ಹಳೆಯ ತಾಲ್ಲೂಕುಗಳ ಪಾಲು.

1963ರಲ್ಲಿ ಸಂಗಮದ ಕೆಳಗೆ ಶ್ರೀಶೈಲಂ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಆಗ ಅದು ವಿದ್ಯುತ್ತಿಗಾಗಿ ರೂಪಿಸಿದ ಯೋಜನೆ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 885 ಅಡಿ ಎಂದಾದ ಮೇಲೆ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎನ್ನುವುದು ಗುಟ್ಟಾಗಿರಲಿಲ್ಲ. ಸಂಗಮ, ಅದರ ಎರಡೂ ದಡದ ಗುಡಿಗಳು, ನೂರರ ಆಸುಪಾಸಿನ ಹಳ್ಳಿಗಳು, ಒಂದು ಲಕ್ಷ ಮೀರಿದ ಜನ. 1981ರ ಬೇಸಿಗೆಯಲ್ಲಿ ಹಳ್ಳಿಗಳನ್ನು ತೆರವು ಮಾಡಿಸಿದ ರೀತಿ ಕಠೋರವಾಗಿತ್ತು. ಮಳೆಗಾಲ ಎದುರಿಗಿತ್ತು, ಮನೆಗಳನ್ನು ಕೆಡವಿಸಲಾಯಿತು.

ಗುಡಿಗಳಿಗೆ ಸಿಕ್ಕ ಗಮನ ಬೇರೆಯದು. ಕೂಡವೆಲ್ಲಿಯ ಸಂಗಮೇಶ್ವರನನ್ನು ಪುರಾತತ್ವದವರು ಕಲ್ಲು ಕಲ್ಲಾಗಿ ಬಿಚ್ಚಿದರು. ಇಂಥ ಕೆಲಸದಲ್ಲಿ ಮೊದಲು ಗುಡಿಯ ನಕ್ಷೆ ತೆಗೆಯುತ್ತಾರೆ, ಪ್ರತಿ ಕಲ್ಲಿಗೂ ಸಂಖ್ಯೆ ಬರೆಯುತ್ತಾರೆ, ಶಿಖರದಿಂದ ಕೆಳಕ್ಕೆ ಇಳಿಸುತ್ತಾರೆ, ಹೊಸ ಜಾಗದಲ್ಲಿ ಜಗತಿಯಿಂದ ಮೇಲಕ್ಕೆ ಅದೇ ಕ್ರಮದಲ್ಲಿ ಜೋಡಿಸುತ್ತಾರೆ. ಒಂದು ಸಾಲು ತಪ್ಪಿದರೆ ಮೇಲಿನದೆಲ್ಲ ಓರೆಯಾಗುತ್ತದೆ. ಆಲಂಪುರದ ಅಂಚಿನಲ್ಲಿ ಇಂದು ಎತ್ತರದ ಜಗತಿಯ ಮೇಲೆ, ಪ್ರಾಕಾರದ ಶಿಲ್ಪಗಳ ಸಮೇತ ನಿಂತಿರುವ ಗುಡಿಯನ್ನು ನೋಡಿದರೆ ಆ ಕೆಲಸಗಾರರ ಬಗ್ಗೆ ಗೌರವ ಹುಟ್ಟುತ್ತದೆ. ಪಾಪನಾಶಿ ಗುಡಿಗಳನ್ನೂ ಹೀಗೆಯೇ ತಂದರು. ಆಲಂಪುರ ಊರು ಮತ್ತು ನವಬ್ರಹ್ಮ ಗುಡಿಗಳನ್ನು ಉಳಿಸಲು ಎತ್ತರದ ಗೋಡೆ ಕಟ್ಟಿದರು. ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರಿನಿಂದ ಬಸವಣ್ಣನವರ ಐಕ್ಯಮಂಟಪವನ್ನು ಕಾಪಾಡಿದ್ದೂ ಬಾವಿಯಂತೆ ಸುತ್ತ ಎಬ್ಬಿಸಿದ ಗೋಡೆಯಿಂದಲೇ.

ಆದರೆ ಸಂಗಮೇಶ್ವರಂಗೆ ಗೋಡೆಯೂ ಬರಲಿಲ್ಲ, ಸ್ಥಳಾಂತರವೂ ಆಗಲಿಲ್ಲ. ಧರ್ಮರಾಯ ಪ್ರತಿಷ್ಠಾಪಿಸಿದ ಬೇವಿನ ಮರದ ಲಿಂಗ ಅಲ್ಲಿದೆ, ಭವನಾಸಿಯೂ ಸೇರಿ ಏಳು ನದಿಗಳು ಅಲ್ಲಿ ಕೂಡುತ್ತವೆ ಎಂಬುದು ಭಕ್ತರ ನಂಬಿಕೆ. ನದಿಯ ಜಾಗ ಬಿಟ್ಟು ಆ ಲಿಂಗಕ್ಕೆ ಬೇರೆ ನೆಲೆಯನ್ನು ಊಹಿಸುವುದು ಭಕ್ತರಿಗೆ ಕಷ್ಟ, ನಿಜ. ಆದರೂ ಶಿಲ್ಪವೈಭವ ಇದ್ದುದಕ್ಕೆ ರಕ್ಷಣೆ, ಜನರ ಭಕ್ತಿ ಮಾತ್ರ ಇದ್ದುದಕ್ಕೆ ನೀರು ಎಂಬಂತಾದದ್ದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಗುಡಿ ಕಾಣಲಿಲ್ಲ. 2003ರ ಸುಮಾರಿಗೆ ಜಲಾಶಯ ತೀರಾ ಇಳಿದಾಗ ಹೊರಬಂತು, ಪೂಜೆ ಮರಳಿತು. ಅಂದಿನಿಂದ ನೀರು ಇಳಿದ ವರ್ಷಗಳಲ್ಲಿ ಅರ್ಚಕರು ಕೆಸರು ತೊಳೆದು ದೀಪ ಹಚ್ಚುತ್ತಾರೆ. ಮುಂಗಾರಿನಲ್ಲಿ ಆಲಮಟ್ಟಿ, ನಾರಾಯಣಪುರ, ಹೊಸಪೇಟೆಯ ತುಂಗಭದ್ರಾ ಜಲಾಶಯಗಳ ಗೇಟು ತೆರೆದ ಸುದ್ದಿ ಬಂದರೆ ಕಡೆಯ ಆರತಿಗೆ ಸಿದ್ಧರಾಗುತ್ತಾರೆ.

ಗುಡಿ ಎಷ್ಟು ದಿನ ಹೊರಗಿರುತ್ತದೆ ಎನ್ನುವುದು ಮಳೆಯೊಂದರ ಕೈಯಲ್ಲಿಲ್ಲ. ವಿದ್ಯುತ್ತಿಗೆಂದು ಕಟ್ಟಿದ ಜಲಾಶಯಕ್ಕೆ ನೀರಾವರಿಯ ಹೊಣೆಯೂ ಬಂತು. ಆಂಧ್ರ ಸರ್ಕಾರ 1996ರಲ್ಲಿ ಕಾಯ್ದುಕೊಳ್ಳಬೇಕಾದ ಕನಿಷ್ಠ ಮಟ್ಟವನ್ನು 834 ಅಡಿ ಎಂದಿತು, 2004ರಲ್ಲಿ 854 ಅಡಿ ಎಂದಿತು. ರಾಯಲಸೀಮೆಗೆ ಪೋತಿರೆಡ್ಡಿಪಾಡು ಕಾಲುವೆಯಲ್ಲಿ ನೀರು ಸರಾಗವಾಗಿ ಹರಿಯಬೇಕಾದರೆ ಮಟ್ಟ ಮೇಲಿರಬೇಕು. ಎರಡೂ ದಡದ ವಿದ್ಯುತ್ ಕೇಂದ್ರಗಳು ಓಡಿದರೆ ಮಟ್ಟ ಇಳಿಯುತ್ತದೆ. 2020ರಲ್ಲಿ ಸಂಗಮೇಶ್ವರಂ ಬಳಿಯಿಂದಲೇ ದಿನಕ್ಕೆ 3 ಟಿಎಂಸಿ ಎತ್ತುವ ಯೋಜನೆಗೆ ಆದೇಶ ಹೊರಟಿತು. ಪರಿಸರ ಅನುಮತಿ ಬೇಕೆಂದು ಹಸಿರು ನ್ಯಾಯಮಂಡಳಿ ತಡೆಯಿತು. ಆಂಧ್ರ ಮತ್ತು ತೆಲಂಗಾಣದ ವಾದಗಳಲ್ಲಿ ಸಂಗಮೇಶ್ವರಂ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ, ಪಂಪ್ ಇಡುವ ಜಾಗವಾಗಿ. ಬರದ ಸೀಮೆಯ ರೈತನ ನೀರಿನ ಹಕ್ಕು ದೊಡ್ಡದು, ಅದನ್ನು ಎಡೆದೊರೆಯ ನಾವೇ ಅಲ್ಲಗಳೆದರೆ ಅನ್ಯಾಯ. ಆದರೆ ವರ್ಷವರ್ಷ ನೆನೆದು ಒಣಗುವ ಗೋಡೆ ಎಷ್ಟು ಕಾಲ ತಾಳುತ್ತದೆ ಎಂಬ ಪ್ರಶ್ನೆಗೂ ಆ ಕಡತಗಳಲ್ಲಿ ಒಂದು ಪುಟ ಬೇಕು.

ಗೋಡೆಗಳಿಗೂ ಮಿತಿಯಿದೆ. 2009ರ ಅಕ್ಟೋಬರ್ ಆರಂಭದಲ್ಲಿ ಎರಡೂ ನದಿ ಒಟ್ಟಿಗೆ ಉಕ್ಕಿದಾಗ ರಾಯಚೂರಿನ ನದಿದಡದ ಹಳ್ಳಿಗಳು, ಮಂತ್ರಾಲಯ, ಕರ್ನೂಲು, ಆಲಂಪುರ ಎಲ್ಲವೂ ನೀರು ಕಂಡವು. ಜಲಾಶಯ 885 ದಾಟಿ 896 ಅಡಿಯ ಸುಮಾರಿಗೆ ಏರಿತ್ತು.

ಗುರು ಕನ್ಯಾರಾಶಿಗೆ ಬಂದಾಗ ನಡೆಯುವ ನದಿಸ್ನಾನದ ಹಬ್ಬ ಕೃಷ್ಣಾ ಪುಷ್ಕರ ಕಳೆದ ಸಲ 2016ರ ಆಗಸ್ಟ್‌ನಲ್ಲಿ ಬಂದಿತ್ತು, ಮುಂದಿನದು 2028ರಲ್ಲಿ. ಆಗ ರಾಯಚೂರಿನಿಂದ ಸಂಗಮಸ್ನಾನಕ್ಕೆ ಹೊರಡುವವರು ತಿಳಿದಿರಬೇಕಾದದ್ದು ಇಷ್ಟು: ಸಂಗಮದ ಸ್ನಾನಘಟ್ಟ ಆಲಂಪುರದ ಹತ್ತಿರ ಗೊಂದಿಮಳ್ಳದಲ್ಲಿದೆ, ಅಲ್ಲಿದ್ದ ಸಂಗಮೇಶ್ವರ ಆಲಂಪುರದಲ್ಲಿದ್ದಾನೆ, ಕೆಳಗಿನ ಸಂಗಮೇಶ್ವರಂ ಮಳೆಗಾಲದಲ್ಲಿ ಸಾಮಾನ್ಯವಾಗಿ ನೀರಿನೊಳಗೆ ಇರುತ್ತದೆ.