‘ಎನಿ ಅಪ್ಡೇಟ್ ಮೇಡಂ?’

ರಾತ್ರಿ ಒಂಬತ್ತೂವರೆ. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಟಿಣ್ ಅನ್ನುತ್ತದೆ. ‘ಎನಿ ಅಪ್ಡೇಟ್ ಮೇಡಂ?’ ಹೆಸರಿಲ್ಲ, ಊರಿಲ್ಲ, ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದು ಅಂತಿಲ್ಲ. ಡಿಪಿಯಲ್ಲಿ ಒಂದು ಸೂರ್ಯಾಸ್ತ.

ಹದಿನೆಂಟು ವರ್ಷದಿಂದ ಎಚ್‌ಆರ್ ಕೆಲಸದಲ್ಲಿದ್ದೇನೆ. ಮೊದಲು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಆಮೇಲೆ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ. ಕೆಲಸ ಸಿಗದವರಲ್ಲಿ ಎರಡು ಜಾತಿಯವರನ್ನು ನೋಡಿದ್ದೇನೆ. ರಿಜೆಕ್ಟ್ ಮೇಲ್ ಬಂದ ಕೂಡಲೇ ‘ಆ ಕಂಪನಿ ನಮಗಲ್ಲ ಬಿಡಿ’ ಅಂತ ಮಾಯವಾಗುವವರು ಒಂದು. ಅದೇ ರೆಸ್ಯೂಮೆಯನ್ನು ವಾರಕ್ಕೆ ಮೂರು ಸಲ ಕಳಿಸಿ, ರಾತ್ರಿ ಹೊತ್ತು ‘ಎನಿ ಅಪ್ಡೇಟ್’ ಅನ್ನುವವರು ಇನ್ನೊಂದು. ಇಬ್ಬರೂ ಎಡವುವುದು ಒಂದೇ ಕಲ್ಲಿಗೆ. ಕಂಪನಿ ತಮ್ಮನ್ನು ಕೂಲಂಕಷವಾಗಿ ನೋಡಿ, ಯೋಚನೆ ಮಾಡಿ, ಬೇಡ ಅಂದಿದೆ ಅಂದುಕೊಳ್ಳುತ್ತಾರೆ. ಮೊದಲನೆಯವರು ಅದಕ್ಕೆ ತಲೆಬಾಗುತ್ತಾರೆ, ಎರಡನೆಯವರು ಕಾಡಿ ಬೇಡಿ ಬದಲಾಯಿಸಲು ನೋಡುತ್ತಾರೆ.

ರೆಸ್ಯೂಮೆ ಬರೆಯುವುದು ಹೇಗೆ, ಶರ್ಟ್ ಯಾವ ಬಣ್ಣದ್ದು ಹಾಕಬೇಕು, ಇದನ್ನೆಲ್ಲ ನಾನು ಹೇಳುವುದಿಲ್ಲ. ಬೇಕಾದಷ್ಟು ಜನ ಹೇಳುತ್ತಿದ್ದಾರೆ. ರಿಜೆಕ್ಟ್ ಮೇಲ್‌ನ ನಿಜವಾದ ಅರ್ಥ ಏನು, ಮತ್ತೆ ಬರೆಯುವುದು ಯಾವಾಗ, ಇದೊಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಕಂಪನಿಯಲ್ಲಿ ಒಂದು ಹುದ್ದೆ ಹುಟ್ಟುವುದು ಹೀಗೆ. ಟೀಮಿನ ಮ್ಯಾನೇಜರ್ ಒಬ್ಬರು ಬೇಕು ಅಂತ ಕೇಳುತ್ತಾನೆ. ಫೈನಾನ್ಸ್‌ನವರು ಬಜೆಟ್ ನೋಡಿ ಹೂಂ ಅನ್ನುತ್ತಾರೆ. ಆಗ ಆ ಹುದ್ದೆಗೆ ಒಂದು ನಂಬರ್ ಬೀಳುತ್ತದೆ. ನಾವದನ್ನು ರೆಕ್ವಿಸಿಷನ್ ಅನ್ನುತ್ತೇವೆ. ನಿಮ್ಮ ಅರ್ಜಿ ಬಂದು ಕೂರುವುದು ಆ ನಂಬರಿನ ಕೆಳಗೆ. ನಾಲ್ಕು ದಿನದಲ್ಲಿ ಮುನ್ನೂರು, ನಾನೂರು ಅರ್ಜಿ ಸೇರುವುದನ್ನು ನೋಡಿದ್ದೇನೆ. ನಾನು ಒಬ್ಬಳು. ಮ್ಯಾನೇಜರ್‌ಗೆ ಬೇಕಾಗಿರುವುದು ಐದು ಒಳ್ಳೆಯ ರೆಸ್ಯೂಮೆ. ಎಪ್ಪತ್ತನೆಯದಕ್ಕೆ ಐದು ಸಿಕ್ಕಿದರೆ ಎಪ್ಪತ್ತೊಂದನೆಯದನ್ನು ನಾನು ತೆಗೆಯುವುದೇ ಇಲ್ಲ. ಆ ಐವರಲ್ಲಿ ಒಬ್ಬರಿಗೆ ಆಫರ್ ಹೋದಮೇಲೆ ಉಳಿದವರನ್ನೆಲ್ಲ ಒಟ್ಟಿಗೆ ಆರಿಸಿ ಒಂದು ಬಟನ್ ಒತ್ತುತ್ತೇನೆ. ಎಲ್ಲರಿಗೂ ಒಂದೇ ಮೇಲ್ ಹೋಗುತ್ತದೆ.

ಆ ಮೇಲ್‌ನಲ್ಲಿ ‘ನಿಮ್ಮ ಅರ್ಜಿಯನ್ನು ಎಚ್ಚರಿಕೆಯಿಂದ ಪರಿಶೀಲಿಸಿದ ನಂತರ’ ಅಂತ ಇರುತ್ತದಲ್ಲ, ಅದನ್ನು ಯಾರೋ ಯಾವತ್ತೋ ಟೈಪ್ ಮಾಡಿ ಇಟ್ಟದ್ದು. ನಾನು ಸೇರುವ ಮೊದಲೇ ಇತ್ತು. ಅದರ ಒಂದೊಂದು ಪದಕ್ಕೂ ಅರ್ಥ ಹುಡುಕಿ ಅಳುವವರನ್ನು ನೋಡಿದ್ದೇನೆ.

ದಾವಣಗೆರೆ ಕಡೆಯ ಒಬ್ಬ ತಂದೆ ಒಮ್ಮೆ ಫೋನ್ ಮಾಡಿದ್ದರು. ನಂಬರ್ ಎಲ್ಲಿ ಸಿಕ್ಕಿತೋ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ‘ಮೇಡಂ ಅವರೇ, ಹುಡುಗ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಏನು ತಪ್ಪು ಮಾಡಿದ ಅಂತ ಒಂದು ಮಾತು ಹೇಳ್ರಿ, ತಿದ್ದಿಕೊಳ್ತಾನ’ ಅಂದರು. ಅಪ್ಪ ಅಮ್ಮ ಎಚ್‌ಆರ್‌ಗೆ ಫೋನ್ ಮಾಡುವುದು ನನಗೆ ಇಷ್ಟವಿಲ್ಲ. ಬೇರೆಯವರಾದರೆ ಬೈದು ಇಡುತ್ತಿದ್ದೆನೇನೋ. ಆ ದನಿ ಕೇಳಿ ಆಗಲಿಲ್ಲ. ಹುಡುಗನ ಹೆಸರು ಹಾಕಿ ನೋಡಿದೆ. ಅವನನ್ನು ಯಾರೂ ಬೇಡ ಅಂದಿರಲಿಲ್ಲ. ಫೈನಾನ್ಸ್‌ನವರು ಹುದ್ದೆಯನ್ನೇ ರದ್ದು ಮಾಡಿದ್ದರು, ಆ ನಂಬರಿನ ಕೆಳಗಿದ್ದ ಎಲ್ಲರಿಗೂ ತಾನಾಗಿಯೇ ಮೇಲ್ ಹೋಗಿತ್ತು. ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಹಂಗಾರೆ ಶೆಡ್ಯೂಲೇ ಕ್ಯಾನ್ಸಲ್ ಆಗೇತಿ ಅನ್ರಿ. ಪ್ಯಾಸೆಂಜರ್ ತಪ್ಪೇನೂ ಇಲ್ಲ’ ಅಂದರು. ಹದಿನೆಂಟು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಯಾರಿಗೂ ಹೇಳಿಕೊಟ್ಟಿಲ್ಲ.

ಇನ್ನೊಂದು ರೀತಿಯಲ್ಲಿ ನೋಡಿ. ಮದುವೆಗೆ ಛತ್ರ ಕೇಳಲು ಹೋಗುತ್ತೀರಿ. ಆ ತಾರೀಖು ಬುಕ್ ಆಗಿದೆ ಅನ್ನುತ್ತಾರೆ. ನಿಮ್ಮ ಮನೆತನದ ಮೇಲೆ ಛತ್ರದವರಿಗೆ ಸಿಟ್ಟಿದೆ ಅಂತ ನೀವು ಅಂದುಕೊಳ್ಳುವುದಿಲ್ಲ, ಅಲ್ವಾ? ‘ಯಾರಾದ್ರೂ ಕ್ಯಾನ್ಸಲ್ ಮಾಡಿದ್ರೆ ಹೇಳಿ ಸ್ವಾಮಿ’ ಅಂತ ನಂಬರ್ ಕೊಟ್ಟು ಬರುತ್ತೀರಿ. ಆ ಬುದ್ಧಿ ಕೆಲಸ ಹುಡುಕುವಾಗ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಯಾಕೆಂದರೆ ನಮ್ಮಲ್ಲಿ ಕ್ಯಾನ್ಸಲ್ ಆಗುವುದು ತುಂಬಾ ಜಾಸ್ತಿ. ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್, ಅಂದರೆ ಕೆಲಸ ಬಿಡುತ್ತೇನೆ ಅಂದಮೇಲೂ ಹಳೆಯ ಕಂಪನಿಯಲ್ಲಿ ದುಡಿಯಬೇಕಾದ ಅವಧಿ, ಸಾಮಾನ್ಯವಾಗಿ 60 ದಿನ, ಹಲವು ಕಡೆ 90 ದಿನ. ಜೂನ್‌ನಲ್ಲಿ ನಾನು ಆಫರ್ ಕೊಟ್ಟವನು ಸೇರುವುದು ಸೆಪ್ಟೆಂಬರ್‌ನಲ್ಲಿ. ಈ ಮೂರು ತಿಂಗಳು ಅವನು ಸುಮ್ನೆ ಕೂತಿರುತ್ತಾನಾ? ನಮ್ಮ ಆಫರ್ ಲೆಟರ್ ತೋರಿಸಿ ಇನ್ನೊಂದು ಕಡೆ ಜಾಸ್ತಿ ಸಂಬಳ ಕೇಳುತ್ತಾನೆ. ಇಲ್ಲವೇ ಈಗಿರುವ ಕಂಪನಿಯವರೇ ಸಂಬಳ ಏರಿಸಿ ಉಳಿಸಿಕೊಳ್ಳುತ್ತಾರೆ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಜಾಯ್ನಿಂಗ್ ದಿನ ಬೆಳಿಗ್ಗೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ರೆಡಿ ಮಾಡಿಕೊಂಡು ಕೂತಿರುತ್ತೇನೆ. ಹನ್ನೊಂದು ಗಂಟೆಗೆ ಮೆಸೇಜ್ ಬರುತ್ತದೆ, ಮನೆಯಲ್ಲಿ ತೊಂದರೆ, ಸೇರಲು ಆಗುವುದಿಲ್ಲ ಅಂತ. ಆಮೇಲೆ ಫೋನ್ ಸ್ವಿಚ್ ಆಫ್.

ಆ ದಿನ ಮಧ್ಯಾಹ್ನ ನನ್ನ ಕಷ್ಟ ನೋಡಬೇಕು. ಮ್ಯಾನೇಜರ್ ಮೂರು ತಿಂಗಳಿಂದ ಕಾದಿದ್ದಾನೆ, ಈಗ ಕೂಗಾಡುತ್ತಾನೆ. ಹದಿನೈದು ದಿನದಲ್ಲಿ ಜನ ಬೇಕು. ಹಳೆಯ ನಾನೂರು ರೆಸ್ಯೂಮೆ ತೆಗೆದು ಕೂರಲು ನನಗೆ ಪುರುಸೊತ್ತಿಲ್ಲ. ಅವರಲ್ಲಿ ಅರ್ಧ ಜನ ಬೇರೆ ಕಡೆ ಸೇರಿರುತ್ತಾರೆ. ನೌಕರಿ ಡಾಟ್ ಕಾಮ್ ತೆಗೆದು, ನೋಟಿಸ್ ಪೀರಿಯಡ್ 15 ದಿನಕ್ಕಿಂತ ಕಡಿಮೆ ಇರುವವರು, ಇತ್ತೀಚೆಗೆ ಪ್ರೊಫೈಲ್ ತೆರೆದವರು ಅಂತ ಫಿಲ್ಟರ್ ಹಾಕುತ್ತೇನೆ. ಅದಕ್ಕೂ ಮೊದಲು ಇನ್‌ಬಾಕ್ಸ್ ನೋಡುತ್ತೇನೆ. ಆ ವಾರ ಯಾರಾದರೂ ನೆಟ್ಟಗೆ ಬರೆದಿದ್ದರೆ, ಅವರಿಗೆ ಮೊದಲ ಫೋನ್.

ಲೆಕ್ಕ ಇಷ್ಟೇ. ಐಟಿ ಹುದ್ದೆಯಾದರೆ ರಿಜೆಕ್ಟ್ ಮೇಲ್ ಬಂದ ಎರಡೂವರೆ, ಮೂರು ತಿಂಗಳಿಗೆ ಬರೆಯಿರಿ. ಕಾರ್ಖಾನೆಯಲ್ಲಿ, ಅಂಗಡಿ ಮಳಿಗೆಯಲ್ಲಿ ನೋಟಿಸ್ ಒಂದು ತಿಂಗಳಿರುತ್ತದೆ, ಅಲ್ಲಿ ಐದು ವಾರ ಸಾಕು. ಫ್ರೆಶರ್ ಹುದ್ದೆಗೆ ನೋಟಿಸ್ ಎಲ್ಲಿಂದ ಬರಬೇಕು, ಎರಡು ಮೂರು ವಾರದಲ್ಲೇ ಗೊತ್ತಾಗುತ್ತದೆ. ಜನ ಮಾಡುವುದು ಇದರ ಉಲ್ಟಾ. ಮೊದಲ ವಾರ ಹನ್ನೆರಡು ಮೆಸೇಜ್, ಆಗ ನನ್ನ ಹತ್ತಿರ ಕೊಡಲು ಏನೂ ಇರುವುದಿಲ್ಲ. ನಿಜವಾಗಿ ಜಾಗ ಖಾಲಿಯಾದಾಗ ಅವರು ಸುಸ್ತಾಗಿ ಬಿಟ್ಟಿರುತ್ತಾರೆ.

ಅರಸೀಕೆರೆ ಕಡೆಯ ಒಬ್ಬ ಹೆಣ್ಣುಮಗಳು ಒಮ್ಮೆ ಬರೆದ ಮೇಲ್ ಇನ್ನೂ ನೆನಪಿದೆ. ಟೆಸ್ಟಿಂಗ್‌ನಲ್ಲಿ ಎರಡು ವರ್ಷ ಅನುಭವ, ಮಗುವಿಗಾಗಿ ಒಂದು ವರ್ಷ ಬಿಡುವು. ಮೇನಲ್ಲಿ ರಿಜೆಕ್ಟ್ ಆಗಿದ್ದಳು. ಆಗಸ್ಟ್‌ನಲ್ಲಿ ಐದು ಸಾಲು ಬರೆದಳು. ಇಂಥ ನಂಬರಿನ ಹುದ್ದೆಗೆ ಮೇನಲ್ಲಿ ಅರ್ಜಿ ಹಾಕಿದ್ದೆ, ಆಗಲಿಲ್ಲ. ಆಮೇಲೆ ಆಟೊಮೇಷನ್ ಕಲಿತು, ಒಂದು ಸಣ್ಣ ಪ್ರಾಜೆಕ್ಟ್ ಮಾಡಿದ್ದೇನೆ, ಲಿಂಕ್ ಇಲ್ಲಿದೆ. ಆ ಹುದ್ದೆಯಾಗಲಿ, ಅಂಥ ಇನ್ನೊಂದಾಗಲಿ ಖಾಲಿ ಇದ್ದರೆ ಮಾತಾಡಲು ಸಿದ್ಧ. ಇಪ್ಪತ್ತು ದಿನದಲ್ಲಿ ಸೇರಬಲ್ಲೆ. ಕೆಳಗೆ ಹೆಸರು, ಫೋನ್ ನಂಬರ್. ಅಷ್ಟೇ. ತಾನೆಷ್ಟು ಶ್ರಮಜೀವಿ ಅಂತ ಇಲ್ಲ, ದಯವಿಟ್ಟು ಒಂದು ಅವಕಾಶ ಅಂತ ಇಲ್ಲ. ಅದೇ ವಾರ ನಮ್ಮ ಹುಡುಗನೊಬ್ಬ ಕೈಕೊಟ್ಟಿದ್ದ. ಎರಡು ದಿನದಲ್ಲಿ ಇಂಟರ್ವ್ಯೂ ಆಯಿತು.

ಕೆಲಸ ಸಿಕ್ಕಿತಾ ಅಂತ ಕೇಳುತ್ತೀರಿ. ಮೊದಲ ಸುತ್ತು ದಾಟಿದಳು, ಎರಡನೆಯದರಲ್ಲಿ ಫೇಲ್ ಆದಳು. ಆದರೆ ಎರಡನೇ ಸುತ್ತು ಮಾಡಿದವನು ಪಕ್ಕದ ಟೀಮಿನವನಿಗೆ ಹೇಳಿದ, ‘ನನ್ನ ಕೆಲಸಕ್ಕೆ ಸರಿಹೋಗಲ್ಲ, ನೀನು ಒಂದ್ಸಲ ನೋಡು’ ಅಂತ. ಅಲ್ಲಿ ಆಯಿತು. ಯಾವಾಗಲೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಎಷ್ಟೋ ಒಳ್ಳೆಯ ಮೇಲ್‌ಗಳಿಗೆ ನಾನು ಉತ್ತರವನ್ನೇ ಕೊಟ್ಟಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಇಲ್ಲಿ ಒಂದು ಎಚ್ಚರ. ಇಷ್ಟೊತ್ತು ಹೇಳಿದ್ದು ಇಂಟರ್ವ್ಯೂಗೆ ಕರೆಯದೇ ರಿಜೆಕ್ಟ್ ಆದವರ ವಿಚಾರ. ಇಂಟರ್ವ್ಯೂ ಕೊಟ್ಟು ಫೇಲ್ ಆದವರದು ಬೇರೆ. ಬಹಳ ಕಂಪನಿಗಳಲ್ಲಿ ಅದಕ್ಕೆ ಕೂಲಿಂಗ್ ಪೀರಿಯಡ್ ಅಂತ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳು, ಕೆಲವು ಕಡೆ ಒಂದು ವರ್ಷ. ಅಷ್ಟರೊಳಗೆ ಮತ್ತೆ ಹಾಕಿದರೆ ಸಿಸ್ಟಂ ತಾನೇ ಪಕ್ಕಕ್ಕೆ ತಳ್ಳುತ್ತದೆ. ಎಷ್ಟು ದಿನ ಅಂತ ಆ ರಿಕ್ರೂಟರ್‌ನ ಕೇಳಿಬಿಡಿ, ಹೇಳುತ್ತಾರೆ. ತಮಾಷೆ ಅಂದರೆ, ಕೂಲಿಂಗ್ ಪೀರಿಯಡ್ ಇಲ್ಲದವರು ಇದೆ ಅಂದುಕೊಂಡು ಆರು ತಿಂಗಳು ಕಾಯುತ್ತಾರೆ, ಇರುವವರು ಮಾರನೇ ದಿನವೇ ಅರ್ಜಿ ಹಾಕುತ್ತಾರೆ.

ಸರ್ಕಾರಿ ನೇಮಕಾತಿಗೂ ಇದನ್ನು ತಗುಲಿಸಬೇಡಿ. ಕೆಪಿಎಸ್‌ಸಿ, ಕೆಇಎ ಕಡೆ ಅಂಕ, ಮೀಸಲಾತಿ, ಪಟ್ಟಿ, ಆಕ್ಷೇಪಣೆಗೆ ಕೊಟ್ಟ ದಿನ, ಇವುಗಳ ಮೇಲೆ ನಡೆಯುವ ವ್ಯವಹಾರ ಅದು. ಅಲ್ಲಿ ಚಂದದ ಮೇಲ್‌ಗೆ ಕೆಲಸವಿಲ್ಲ.

ಬರೆಯುವುದು ಯಾರಿಗೆ? ನೋ-ರಿಪ್ಲೈ ವಿಳಾಸಕ್ಕೆ ಒಂದು ಪುಟ ಬರೆದು ಉತ್ತರಕ್ಕೆ ಕಾಯುವವರಿದ್ದಾರೆ. ಅದು ಖಾಲಿ ಮನೆಯ ಬಾಗಿಲು. ಲಿಂಕ್ಡ್‌ಇನ್‌ನಲ್ಲಿ ಆ ಹುದ್ದೆ ಹಾಕಿದ ರಿಕ್ರೂಟರ್ ಯಾರು ನೋಡಿ. ಆ ಟೀಮಿನ ಮ್ಯಾನೇಜರ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಜಾಗ ಖಾಲಿಯಾದ ಸುದ್ದಿ ಅವನಿಗೇ ಮೊದಲು ಚುಚ್ಚುವುದು. ಆ ಕಂಪನಿಯಲ್ಲಿರುವ ಪರಿಚಯದವರು ನಿಮ್ಮ ಹೆಸರು ಸೂಚಿಸುವ ರೆಫರಲ್ ಇದ್ದರೆ, ಪೋರ್ಟಲ್‌ನಲ್ಲಿ ನೀವೇ ಹಾಕುವ ಮೊದಲು ಅವರನ್ನು ಕೇಳಿ. ಹಲವು ಕಂಪನಿಗಳಲ್ಲಿ ಅಭ್ಯರ್ಥಿಯ ಹೆಸರು ಆಗಲೇ ಸಿಸ್ಟಂನಲ್ಲಿದ್ದರೆ ರೆಫರ್ ಮಾಡಿದವರಿಗೆ ಬೋನಸ್ ಸಿಗುವುದಿಲ್ಲ, ಅವರ ಉತ್ಸಾಹವೂ ಅಷ್ಟಕ್ಕಷ್ಟೇ ಆಗುತ್ತದೆ. ಮನುಷ್ಯ ಸ್ವಭಾವ, ಏನು ಮಾಡುವುದು.

ಪಟ್ಟು ಬಿಡಬಾರದು ಅಂತ ಹೇಳುವವರೆಲ್ಲ ನನ್ನ ಮುಂದೆ ಸುಧಾ ಮೂರ್ತಿಯವರ ಕಥೆ ಎತ್ತುತ್ತಾರೆ. ನಿಮಗೂ ಗೊತ್ತಿರುತ್ತದೆ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದಾಗ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಂಪನಿಯ ಜಾಹೀರಾತು ನೋಡಿದರು, ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಅಂತಿತ್ತು. ಸಿಟ್ಟು ಬಂದು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಪುಣೆಗೆ ಇಂಟರ್ವ್ಯೂಗೆ ಬನ್ನಿ ಅಂತ ಟೆಲಿಗ್ರಾಂ ಬಂತು, ಕೆಲಸವೂ ಆಯಿತು. ಈ ಕಥೆಯಲ್ಲಿ ಎಲ್ಲರೂ ಧೈರ್ಯವನ್ನು ನೋಡುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಆ ಪೋಸ್ಟ್‌ಕಾರ್ಡ್. ಕಾರ್ಡಿನಲ್ಲಿ ಜಾಗವೇ ಎಷ್ಟು? ಹೇಳಬೇಕಾದ್ದನ್ನು ಮಾತ್ರ ಹೇಳಬೇಕು. ಆ ನಿಯಮ ಬದಲಾಯಿಸುವ ಅಧಿಕಾರ ಇದ್ದವರಿಗೆ ಹೋಯಿತು. ‘ರೆಸ್ಪೆಕ್ಟೆಡ್ ಸರ್, ಕೈಂಡ್ಲಿ ಡೂ ದಿ ನೀಡ್‌ಫುಲ್’ ಅಂತ ಐವತ್ತು ಜನರನ್ನು ಒಂದೇ ಮೇಲ್‌ಗೆ ಸೇರಿಸಿ ಕಳಿಸುವವರು ಆ ಕಥೆ ಹೇಳಿದಾಗ ನನಗೆ ನಗಬೇಕೋ ಬಿಡಬೇಕೋ ತಿಳಿಯುವುದಿಲ್ಲ.

ಎಷ್ಟು ಸಲ ಬರೆಯಬಹುದು? ನನ್ನ ಲೆಕ್ಕ ಎರಡು. ರಿಜೆಕ್ಟ್ ಆದ ದಿನ ಬೇಕಿದ್ದರೆ ಎರಡು ಸಾಲಿನ ಥ್ಯಾಂಕ್ಸ್, ಆಫರ್ ಸಿಕ್ಕವನ ಜಾಯ್ನಿಂಗ್ ಸಮಯಕ್ಕೆ ಒಂದು. ಮೂರನೆಯದು ಬೇಡ. ಹೊಸ ಹುದ್ದೆ ಬಂದಾಗ ಹೊಸ ನಂಬರಿಗೆ ಹೊಸ ಅರ್ಜಿ. ಬೇರೆ ಎಚ್‌ಆರ್‌ಗಳು ಮೂರು ಅನ್ನಬಹುದು, ಜಗಳವಿಲ್ಲ.

ಇನ್ನು, ಎರಡನೇ ಸಲ ಕಳಿಸುವಾಗ ರೆಸ್ಯೂಮೆಯಲ್ಲಿ ಹೊಸದೇನಾದರೂ ಇರಲಿ ಅಂದರೆ ಕೆಲವರು ತಾರೀಖುಗಳನ್ನೇ ಹೊಸದು ಮಾಡುತ್ತಾರೆ. ಜೂನ್‌ನಲ್ಲಿ ಎರಡು ವರ್ಷ ಇದ್ದ ಅನುಭವ ಸೆಪ್ಟೆಂಬರ್‌ನಲ್ಲಿ ಮೂರೂವರೆ. ಅಯ್ಯೋ ಮಾರಾಯರೇ, ನಿಮ್ಮ ಹಳೆಯ ರೆಸ್ಯೂಮೆ ಎಲ್ಲೂ ಹೋಗಿಲ್ಲ. ಹೆಸರು ಒತ್ತಿದರೆ ಎರಡೂ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಯಾವ ಕಂಪನಿಗೆ ಹೋದರೂ ಬದಲಾಗದ ಪಿಎಫ್‌ನ ಯುಎಎನ್ ನಂಬರ್ ಮೂಲಕ ನಿಮ್ಮ ದಾಖಲೆ ತರಿಸಿದರೆ ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನುವುದೂ ಕಾಣುತ್ತದೆ. ಒಂದು ವರ್ಷ ಖಾಲಿ ಇದ್ದದ್ದನ್ನು ನಾನು ಕ್ಷಮಿಸಿದ್ದೇನೆ, ಎಷ್ಟೋ ಸಲ. ತಾರೀಖಿನ ಈ ಸುಳ್ಳನ್ನು ಕ್ಷಮಿಸುವ ಅಧಿಕಾರ ನನಗೆ ಇಲ್ಲ. ಹಾಗೆಯೇ, ರಿಜೆಕ್ಟ್ ಆದ ನೋವಿನಲ್ಲಿರುವಾಗಲೇ ‘ಐದು ಸಾವಿರ ಕಟ್ಟಿ, ಇಂಟರ್ವ್ಯೂ ಕೊಡಿಸ್ತೀವಿ’ ಅಂತ ಫೋನ್ ಬರುತ್ತದೆ. ಕೊಡಬೇಡಿ. ಇಂಟರ್ವ್ಯೂಗೆ ನಾವು ದುಡ್ಡು ಕೇಳುವುದಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಫೋನ್ ಟಿಣ್ ಅಂದಿತು. ‘ಎನಿ ಅಪ್ಡೇಟ್ ಮೇಡಂ?’ ಈ ಸಲ ಡಿಪಿಯಲ್ಲಿ ಬುಲೆಟ್ ಬೈಕು. ಒಂದು ಹುದ್ದೆ ನಿಜವಾಗಿಯೂ ಖಾಲಿ ಇದೆ, ನಿನ್ನೆಯಷ್ಟೇ ಒಬ್ಬ ಕೈಕೊಟ್ಟ. ‘ನಿಮ್ಮ ಹೆಸರೇನು, ಯಾವ ಕೆಲಸಕ್ಕೆ ಹಾಕಿದ್ದಿರಿ?’ ಅಂತ ಕೇಳಿದ್ದೇನೆ. ಎರಡು ನೀಲಿ ಟಿಕ್ ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ.