ಕಣ್ಣಿಗೆ ಕಂಡರೂ ರುಜುವಾಗದ ರೋಗಾಣು

ನಮ್ಮ ಕಡೆ ಕುಷ್ಠವನ್ನು ‘ದೊಡ್ಡ ರೋಗ’ ಅನ್ನುತ್ತಿದ್ದರು. ಶಾಪ ಅಂದವರುಂಟು, ವಂಶದಲ್ಲಿ ಬಂದದ್ದು ಅಂದವರೂ ಉಂಟು. ಹಳ್ಳಿಯವರ ಮೂಢನಂಬಿಕೆ ಅಂತ ನಗಬೇಡಿ. 19ನೇ ಶತಮಾನದ ನಡುವಿನಲ್ಲಿ ಯುರೋಪಿನ ದೊಡ್ಡ ಡಾಕ್ಟರುಗಳೂ ವಂಶದ ಮಾತನ್ನೇ ಆಡುತ್ತಿದ್ದರು.

ನಾರ್ವೆಯ ಬರ್ಗೆನ್‌ನಲ್ಲಿ ಆಗ ಕುಷ್ಠರೋಗಿಗಳು ಜಾಸ್ತಿ. ಈ ವಿಷಯದಲ್ಲಿ ಅಲ್ಲಿನ ಡಾ. ಡೇನಿಯಲ್ಸನ್ ಹೇಳಿದ್ದೇ ಕೊನೆ. ರೋಗಿಯ ಚರ್ಮದಲ್ಲಿ ಎದ್ದ ಗಂಟಿನಿಂದ ತೆಗೆದದ್ದನ್ನು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ಏನೂ ಆಗಲಿಲ್ಲ. ಹಾಗಾದರೆ ಇದು ಅಂಟುರೋಗವಲ್ಲ ಅಂದರು. ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ? ಆದರೆ ಹೆಚ್ಚಿನವರ ಮೈಗೆ ಈ ರೋಗವನ್ನು ತಡೆಯುವ ಶಕ್ತಿ ತಾನಾಗೇ ಇರುತ್ತದೆ ಅನ್ನುವುದು ಆಗ ಯಾರಿಗೆ ಗೊತ್ತಿತ್ತು?

ಡೇನಿಯಲ್ಸನ್ ಕೈಕೆಳಗೆ ಕೆಲಸ ಮಾಡುತ್ತಿದ್ದ ಡಾಕ್ಟರು ಗೆರ್ಹಾರ್ಡ್ ಹ್ಯಾನ್ಸನ್, ಡೇನಿಯಲ್ಸನ್‌ಗೆ ಅಳಿಯನೂ ಹೌದು. 1873ರಲ್ಲಿ ಗಂಟಿನ ಚೂರನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗ ಸಣ್ಣ ಸಣ್ಣ ಕಡ್ಡಿಗಳಂಥವು ಕಂಡವು. ಮಾವನ ಮಾತಿಗೇ ಎದುರಾಡುವ ಕಡ್ಡಿಗಳು! ಬಣ್ಣ ಹಾಕಿ ಅವನ್ನು ಎದ್ದು ಕಾಣುವಂತೆ ಮಾಡಲು ಮಾತ್ರ ಹ್ಯಾನ್ಸನ್‌ಗೆ ಆಗಲಿಲ್ಲ. 1879ರಲ್ಲಿ ಬರ್ಗೆನ್‌ಗೆ ಬಂದ ಜರ್ಮನಿಯ ನೈಸರ್ ಮಾದರಿಗಳನ್ನು ಊರಿಗೆ ಒಯ್ದು, ಬಣ್ಣ ಹಾಕಿ ತೋರಿಸಿ, ಕಂಡುಹಿಡಿದವನು ನಾನೇ ಅಂದರು. ಜಗಳ ಆಗದೆ ಇದ್ದೀತೇ?

ಅದು ಬಿಡಿ. ರೋಗ ಇದ್ದಲ್ಲಿ ಕಡ್ಡಿ ಕಂಡ ಮಾತ್ರಕ್ಕೆ ಅದೇ ರೋಗ ತಂದಿತು ಅನ್ನಲಾಗದು. ಅದನ್ನು ಬೇರೆಯಾಗಿ ಬೆಳೆಸಿ, ಇನ್ನೊಂದು ಮೈಗೆ ಹಾಕಿ, ರೋಗ ಬರುವುದನ್ನು ತೋರಿಸಬೇಕು. ಇದು ಬೆಳೆಯಲೇ ಇಲ್ಲ, ಪ್ರಾಣಿಗಳಿಗೂ ಹತ್ತಲಿಲ್ಲ. ಹಟಕ್ಕೆ ಬಿದ್ದ ಹ್ಯಾನ್ಸನ್ 1879ರ ನವೆಂಬರ್‌ನಲ್ಲಿ ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ ಇನ್ನೊಬ್ಬರ ಗಂಟಿನ ಅಂಶವನ್ನು ಚುಚ್ಚಿದರು. ಆಕೆಯನ್ನು ಒಂದು ಮಾತು ಕೇಳಲಿಲ್ಲ. ನೋವಾಯಿತು ಅಂತ ಆಕೆ ದೂರಿದಳು. 1880ರಲ್ಲಿ ಕೋರ್ಟು ಅವರನ್ನು ಆಸ್ಪತ್ರೆಯ ಕೆಲಸದಿಂದ ತೆಗೆಯಿತು. ಸರಿಯಾದ ತೀರ್ಪೇ. ಆದರೂ ನಾರ್ವೆಯ ಕುಷ್ಠರೋಗ ವಿಭಾಗದ ಮುಖ್ಯ ವೈದ್ಯಾಧಿಕಾರಿಯಾಗಿ ಅವರೇ ಮುಂದುವರಿದರು.

ಇಷ್ಟು ಕಷ್ಟ ಯಾಕೆ? ಈ ರೋಗಾಣು ಬಲು ನಿಧಾನ. ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷದಲ್ಲಿ ಎರಡಾದರೆ, ಇದಕ್ಕೆ ಸುಮಾರು ಎರಡು ವಾರ ಬೇಕು. ಮೈಯಲ್ಲಿ ಕೂತು ಐದು ವರ್ಷ, ಕೆಲವೊಮ್ಮೆ 20 ವರ್ಷ ಕಳೆದ ಮೇಲೆ ರೋಗ ಕಾಣಿಸಬಹುದು. ಮೇಲಾಗಿ ಅದಕ್ಕೆ ತಂಪು ಬೇಕು. ಮೂಗು, ಕಿವಿ, ಕೈಬೆರಳುಗಳಿಗೆ ಮೊದಲು ಪೆಟ್ಟು ಬೀಳುವುದು ಅದಕ್ಕೇ.

ಈ ತಂಪಿನ ಗುಟ್ಟೇ ಕೊನೆಗೆ ದಾರಿ ತೋರಿಸಿತು. 1960ರಲ್ಲಿ ಅಮೆರಿಕದ ಶೆಪರ್ಡ್ ಇಲಿಯ ಅಂಗಾಲಿನಲ್ಲಿ ಅದನ್ನು ಬೆಳೆಸಿದರು. 1971ರಲ್ಲಿ ಆರ್ಮಡಿಲ್ಲೊ ಎಂಬ ಚಿಪ್ಪಿನ ಪ್ರಾಣಿಗೆ ರೋಗ ಹತ್ತಿತು. ಅದರ ಮೈಬಿಸಿ ನಮ್ಮದಕ್ಕಿಂತ ಕಮ್ಮಿ. ಗಾಜಿನ ತಟ್ಟೆಯಲ್ಲಿ ಮಾತ್ರ ಅದನ್ನು ಬೆಳೆಸಲು ಇವತ್ತಿಗೂ ಆಗಿಲ್ಲ.